ಸೊಸೈಟಿ ಸರ್ವರಿನ ಬೀಗದ ಕೈ ಯಾರ ಜೇಬಿನಲ್ಲಿದೆ?

"ಸರ್ವರ್ ಇಲ್ಲ, ನಾಳೆ ಬನ್ನಿ."

ಈ ಮಾತು ಕೇಳದ ಊರು ಕರ್ನಾಟಕದಲ್ಲಿ ಈಗ ಇರಲಿಕ್ಕಿಲ್ಲ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಕೇಳಿದ್ದೇವೆ, ನಾಡಕಚೇರಿಯ ಕಿಟಕಿಯಲ್ಲಿ ಕೇಳಿದ್ದೇವೆ, ಬ್ಯಾಂಕಿನಲ್ಲಂತೂ ವಾರಕ್ಕೊಮ್ಮೆ ಕೇಳುತ್ತೇವೆ. ಮಳೆ ಬಂದಿಲ್ಲ ಅನ್ನುವ ಹಾಗೆಯೇ ಸರ್ವರ್ ಬಂದಿಲ್ಲ ಅನ್ನುವುದು ರೂಢಿಯಾಗಿದೆ. ನಮ್ಮ ವೃತ್ತಿಯವರೂ ಕಡಿಮೆಯಿಲ್ಲ. 'ಸರ್ವರ್ ಸಮಸ್ಯೆ: ಜನರ ಪರದಾಟ' ಅಂತ ತಲೆಬರಹ ಕೊಟ್ಟು, ಸಾಲಿನ ಫೋಟೊ ಹಾಕಿ, ಕೆಲಸ ಮುಗಿಸುತ್ತಾರೆ. ಯಾವ ಸರ್ವರ್, ಎಲ್ಲಿದೆ, ಯಾರು ನಡೆಸುತ್ತಾರೆ, ಯಾಕೆ ನಿಂತಿತು ಅಂತ ಒಬ್ಬರೂ ಕೇಳುವುದಿಲ್ಲ.

ಸರ್ವರ್ ಮಳೆಯಲ್ಲ. ಅದೊಂದು ಯಂತ್ರ. ಅದಕ್ಕೊಂದು ಕೋಣೆ ಇರುತ್ತದೆ, ಒಡೆಯರು ಇರುತ್ತಾರೆ, ಬೀಗದ ಕೈ ಇರುತ್ತದೆ. ಆ ಬೀಗದ ಕೈಯ ವಿಚಾರವಾಗಿ ಜಗಳ ತೆಗೆಯಲಿಕ್ಕೇ ಈ ಬರಹ.

ಸರ್ಕಾರದ ದೊಡ್ಡ ಸರ್ವರುಗಳ ಮಾತು ಇವತ್ತು ಬೇಡ. ನಿಮ್ಮ ಕಣ್ಣಿಗೆ ಕಾಣುವ ಸರ್ವರ್ ನೋಡೋಣ. ತಾಲ್ಲೂಕು ಊರಿನ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಖಾಸಗಿ ಶಾಲೆ, ನರ್ಸಿಂಗ್ ಹೋಂ, ಗೊಬ್ಬರದ ಅಂಗಡಿ. ಇಂಥ ಎಷ್ಟೋ ಕಡೆ ಮೆಟ್ಟಿಲ ಕೆಳಗೋ ಮ್ಯಾನೇಜರ್ ಕುರ್ಚಿಯ ಹಿಂದೋ ಒಂದು ಕಪ್ಪು ಡಬ್ಬ ಕೂತಿರುತ್ತದೆ. ಪಕ್ಕದಲ್ಲಿ ಯುಪಿಎಸ್, ಮೇಲೆ ದೇವರ ಫೋಟೊ. ನಿಮ್ಮ ಪಿಗ್ಮಿ, ನಿಮ್ಮ ಬಂಗಾರದ ಸಾಲ, ನಿಮ್ಮ ಮಗಳ ಮದುವೆಗೆ ಇಟ್ಟ ಠೇವಣಿ, ಎಲ್ಲದರ ಲೆಕ್ಕ ಅದರೊಳಗೆ. ಅದು ಕ್ಲೌಡಿನಲ್ಲಿಲ್ಲ. ಕ್ಲೌಡ್ ಅಂದರೆ ಮೋಡವೂ ಅಲ್ಲ ಬಿಡಿ. ಮುಂಬೈಯಲ್ಲೋ ಹೈದರಾಬಾದಿನಲ್ಲೋ ದೊಡ್ಡ ಕಟ್ಟಡ ಕಟ್ಟಿ, ಸಾವಿರಾರು ಕಂಪ್ಯೂಟರ್ ಜೋಡಿಸಿ, ಬಾಡಿಗೆಗೆ ಕೊಡುವ ವ್ಯವಹಾರಕ್ಕೆ ಆ ಹೆಸರು. ನಿಮ್ಮ ಸೊಸೈಟಿಯ ಡಬ್ಬ ಆ ಕಟ್ಟಡದ ಹೊರಗೆ, ನಿಮ್ಮೂರಿನಲ್ಲೇ ಇದೆ.

ಇದೆ ಅಂತ ನಾವು ತಿಳಿದಿದ್ದೇವೆ.

ಆದರೆ ಒಂದು ದಿನ ಸಾಫ್ಟ್‌ವೇರ್ ಕೊಟ್ಟ ಕಂಪನಿಯಿಂದ ಫೋನ್ ಬರುತ್ತದೆ. "ಸರ್, ಇನ್ಮೇಲೆ ನಮ್ಮ ಹುಡುಗ ಊರಿಗೆ ಬರೋ ಅವಶ್ಯಕತೆ ಇಲ್ಲ. ಒಂದು ಸಣ್ಣ ಏಜೆಂಟ್ ಹಾಕ್ತೀವಿ, ಇಲ್ಲಿಂದಲೇ ಎಲ್ಲಾ ನೋಡ್ಕೋತೀವಿ." ಕಾರ್ಯದರ್ಶಿಗೆ ಖುಷಿ. ಹುಡುಗ ಬಂದರೆ ಬಸ್ ಚಾರ್ಜು, ಊಟ, ಲಾಡ್ಜು. ಐದು ನಿಮಿಷದಲ್ಲಿ ಏಜೆಂಟ್ ಕೂರುತ್ತದೆ. ಆಡಳಿತ ಮಂಡಳಿಯ ಸಭೆಯಲ್ಲಿ ಇದರ ಮಾತು ಬರುವುದಿಲ್ಲ, ಠರಾವು ಬರೆಯುವುದಿಲ್ಲ. ಕುರ್ಚಿ ಕೊಳ್ಳಲಿಕ್ಕೆ ಮೂರು ಕೊಟೇಶನ್ ಕೇಳುವ ಸೊಸೈಟಿ, ತನ್ನ ಲೆಕ್ಕದ ಮನೆಗೆ ಎರಡನೇ ಬೀಗದ ಕೈ ಮಾಡಿಸಿಕೊಡುವಾಗ ಒಂದು ಸಹಿಯನ್ನೂ ಕೇಳುವುದಿಲ್ಲ.

ಏಜೆಂಟ್ ಅಂದರೆ ನಮಗೆ ಎಲ್‌ಐಸಿ ಏಜೆಂಟ್ ಗೊತ್ತು, ಪಿಗ್ಮಿ ಏಜೆಂಟ್ ಗೊತ್ತು. ಪಿಗ್ಮಿ ಅಂದರೆ ನಮ್ಮ ನೆಲದ್ದೇ ಸಂಗತಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು, ಆಗ ಅದರ ಕೇಂದ್ರ ಉಡುಪಿ. ಪಿಗ್ಮಿ ಏಜೆಂಟ್ ನಿಮ್ಮ ಅಂಗಡಿಗೆ ಬಂದಾಗ ಅವನು ಯಾರ ಮನುಷ್ಯ ಅಂತ ನಿಮಗೆ ಗೊತ್ತಿರುತ್ತದೆ. ಸಂಘದ ಮನುಷ್ಯ. ಈ ಕಂಪ್ಯೂಟರಿನ ಏಜೆಂಟ್ ಇದೆಯಲ್ಲ, ಅದು ಸಂಘದ ಮನೆಯೊಳಗೇ ಕೂತಿರುತ್ತದೆ, ಸಂಘದ ಕರೆಂಟಿನಲ್ಲೇ ಓಡುತ್ತದೆ. ಆದರೆ ಅದು ಮಾತು ಕೇಳುವುದು ಬೇರೆಯವರದ್ದು.

ತೋಟದಲ್ಲಿ ಬೋರ್‌ವೆಲ್ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೀರಿ. ಒಳಗೊಂದು ಸಿಮ್. ನೋಂದಾಯಿಸಿದ ನಂಬರಿನಿಂದ ಫೋನ್ ಮಾಡಿದರೆ ಮೋಟರ್ ಓಡುತ್ತದೆ, ಇನ್ನೊಮ್ಮೆ ಮಾಡಿದರೆ ನಿಲ್ಲುತ್ತದೆ. ರಾತ್ರಿ ಎರಡು ಗಂಟೆಗೆ ಹಾವು ಚೇಳಿನ ನಡುವೆ ತೋಟಕ್ಕೆ ಹೋಗುವುದು ತಪ್ಪಿತು. ಒಳ್ಳೆಯದೇ. ಈಗ ಹೀಗೆ ಯೋಚಿಸಿ: ಸ್ಟಾರ್ಟರ್ ಕೂರಿಸಿದವನು ನಿಮ್ಮ ನಂಬರ್ ಹಾಕದೆ ತನ್ನ ನಂಬರ್ ಹಾಕಿ ಹೋದ. ಮೋಟರ್ ನಿಮ್ಮದು, ಬೋರ್ ನಿಮ್ಮದು, ಕರೆಂಟ್ ಬಿಲ್ ನಿಮ್ಮದು. ನೀರು ಬೇಕಾದರೆ ಮಾತ್ರ ಅವನಿಗೆ ಫೋನ್ ಮಾಡಬೇಕು. ಅವನ ಫೋನ್ ಕಳೆದುಹೋದರೆ, ಸಿಕ್ಕಿದವನು ನಿಮ್ಮ ಮೋಟರ್ ಓಡಿಸಬಹುದು. ಯಾರಾದರೂ ಇದಕ್ಕೆ ಒಪ್ಪುತ್ತೀರಾ? ಸೊಸೈಟಿ ಸರ್ವರಿನಲ್ಲಿ ಇದಕ್ಕೇ ಒಪ್ಪಿಕೊಂಡು ಕೂತಿದ್ದೇವೆ.

ಒಂದು ವ್ಯತ್ಯಾಸ ಉಂಟು. ಸ್ಟಾರ್ಟರಿಗೆ ಹೊರಗಿನಿಂದ ಫೋನ್ ಬರುತ್ತದೆ. ಏಜೆಂಟ್ ಹಾಗಲ್ಲ. ಅದೇ ಒಳಗಿನಿಂದ ತನ್ನ ಯಜಮಾನನಿಗೆ ಕರೆ ಮಾಡಿ "ಏನಾದರೂ ಕೆಲಸ ಇದೆಯಾ?" ಅಂತ ಕೇಳುತ್ತಲೇ ಇರುತ್ತದೆ. ನಾವು ವೆಬ್‌ಸೈಟ್ ನೋಡುವ 443 ನಂಬರಿನ ದಾರಿಯಲ್ಲೇ ಅದೂ ಹೊರಗೆ ಹೋಗುತ್ತದೆ. ಹಾಗಾಗಿ ಹೊರಗಿನಿಂದ ಯಾರೂ ಬಾಗಿಲು ಬಡಿಯುವುದಿಲ್ಲ, ಹೊಸ ಬಾಗಿಲು ತೆರೆಯಬೇಕಾಗಿಯೂ ಇಲ್ಲ. "ನಮ್ಮಲ್ಲಿ ಫೈರ್‌ವಾಲ್ ಇದೆ, ಹೊರಗಿನವರು ಬರೋಕಾಗಲ್ಲ" ಅನ್ನುವವರು ಇದನ್ನು ತಿಳಿಯಬೇಕು. ಹೊರಗಿನವರು ಬರುವ ಪ್ರಶ್ನೆಯೇ ಇಲ್ಲಿಲ್ಲ. ಒಳಗಿನವನೇ ಹೋಗಿ ಆಜ್ಞೆ ತರುತ್ತಾನೆ.

ಅಮೆಜಾನ್ ಕಂಪನಿಯ ಎಸ್‌ಎಸ್‌ಎಂ ಏಜೆಂಟ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಅಮೆಜಾನಿನ ಕ್ಲೌಡ್ ಖಾತೆಯಲ್ಲಿ ಒಂದು ಆಕ್ಟಿವೇಶನ್ ಮಾಡಿಸಬೇಕು. ಆಗ ಒಂದು ಕೋಡ್, ಒಂದು ಐಡಿ ಸಿಗುತ್ತದೆ. ಸೊಸೈಟಿಯ ಯಂತ್ರದಲ್ಲಿ ಏಜೆಂಟ್ ಕೂರಿಸುವಾಗ ಅವೆರಡನ್ನೂ ಕೊಟ್ಟರೆ ನಿಮ್ಮ ಡಬ್ಬಕ್ಕೆ 'ಎಂಐ' ಅಂತ ಶುರುವಾಗುವ ಹೊಸ ಹೆಸರು ಬೀಳುತ್ತದೆ. ಅಂದರೆ ಮ್ಯಾನೇಜ್ಡ್ ಇನ್‌ಸ್ಟನ್ಸ್, ಇನ್ನೊಬ್ಬರ ಉಸ್ತುವಾರಿಗೆ ಒಳಪಟ್ಟದ್ದು. ಅಲ್ಲಿಂದ ಮುಂದೆ ಆ ಖಾತೆಯಲ್ಲಿ ಅಧಿಕಾರ ಇದ್ದವರು ನಿಮ್ಮ ಯಂತ್ರಕ್ಕೆ ಆಜ್ಞೆ ಕೊಡಬಹುದು. ಲಿನಕ್ಸ್ ಇದ್ದರೆ ಏಜೆಂಟ್ ಓಡುವುದು ರೂಟ್ ಅಧಿಕಾರದಲ್ಲಿ, ವಿಂಡೋಸ್ ಇದ್ದರೆ ಸಿಸ್ಟಮ್ ಅಧಿಕಾರದಲ್ಲಿ. ಇವೆರಡೂ ಆ ಯಂತ್ರದ ಮೇಲಿನ ಪರಮಾಧಿಕಾರ. ಫೈಲ್ ಓದಬಹುದು, ಬರೆಯಬಹುದು, ಅಳಿಸಬಹುದು, ಹೊಸ ಬಳಕೆದಾರನನ್ನು ಸೇರಿಸಬಹುದು. ನಿಮ್ಮ ಮ್ಯಾನೇಜರಿಗೆ ಇರುವುದಕ್ಕಿಂತ ಹೆಚ್ಚಿನ ಅಧಿಕಾರ ಇದು.

"ಸಣ್ಣ ಸಾಫ್ಟ್‌ವೇರ್" ಅಂದರಲ್ಲ, ಸಣ್ಣದೇ. ಬೀಗದ ಕೈಯೂ ಸಣ್ಣದೇ ಇರುತ್ತದೆ.

ಇನ್ನೊಂದು ಸಮಾಧಾನ ಹೇಳುತ್ತಾರೆ. "ಆ ಕೋಡಿಗೆ ಅವಧಿ ಇದೆ ಸರ್, ಒಂದೇ ದಿನಕ್ಕೆ ಮುಗಿದುಹೋಗುತ್ತೆ." ಅವಧಿ ಇರುವುದು ನಿಜ. ಬೇರೆ ಏನೂ ಹೇಳದಿದ್ದರೆ 24 ಗಂಟೆ, ಹೆಚ್ಚೆಂದರೆ 30 ದಿನ. ಆದರೆ ಮುಗಿಯುವುದು ಹೊಸ ಯಂತ್ರ ಸೇರಿಸುವ ಅವಕಾಶ. ಆಗಲೇ ಸೇರಿದ ಯಂತ್ರ ಹಾಗೇ ಉಳಿಯುತ್ತದೆ, ಯಾರಾದರೂ ತೆಗೆಯುವ ತನಕ. ಮದುವೆ ಆಮಂತ್ರಣದ ದಿನಾಂಕ ಮುಗಿದರೆ ಮದುವೆ ಮುರಿಯುತ್ತದೆಯೇ?

ಇಷ್ಟಕ್ಕೆ ಅಮೆಜಾನನ್ನು ಬಯ್ಯಬೇಕಾಗಿಲ್ಲ. ಆ ಏಜೆಂಟಿನ ಮೂಲ ಬರಹವನ್ನೇ ಅವರು ಎಲ್ಲರಿಗೂ ತೆರೆದಿಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು. ಮೈಕ್ರೋಸಾಫ್ಟಿನ ಅಜೂರ್ ಆರ್ಕ್ ಅನ್ನುವುದೂ ಇದೇ ಕೆಲಸ ಮಾಡುತ್ತದೆ. ಸಲಕರಣೆ ಚೆನ್ನಾಗಿಯೇ ಇದೆ. ನಮ್ಮ ತಕರಾರು ಇರುವುದು ಅದನ್ನು ಯಾರ ಖಾತೆಗೆ ಕಟ್ಟುತ್ತಾರೆ ಅನ್ನುವುದರಲ್ಲಿ, ಮತ್ತು ಸದಸ್ಯರಿಗೆ ಒಂದು ಮಾತೂ ಹೇಳದೆ ಕಟ್ಟುತ್ತಾರೆ ಅನ್ನುವುದರಲ್ಲಿ.

ಹಿಂದೆ ಕೆರೆಯ ತೂಬಿಗೂ ಒಬ್ಬ ಏಜೆಂಟ್ ಇದ್ದ. ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನೇ ಬಿಡುತ್ತಿದ್ದ. ಅಧಿಕಾರ ದೊಡ್ಡದೇ. ಆದರೆ ಅವನ ಮನೆ ಊರಲ್ಲೇ ಇತ್ತು, ಅವನಿಗೆ ಕೊಡುವ ಕಾಳನ್ನು ಊರೇ ಕೊಡುತ್ತಿತ್ತು. ತಪ್ಪಿ ನಡೆದರೆ ಕೇಳಲಿಕ್ಕೆ ಅರಳಿಕಟ್ಟೆ ಇತ್ತು. ನೀರುಗಂಟಿಯ ಕಾಲ ಸ್ವರ್ಗವಾಗಿತ್ತು ಅಂತ ನಾವು ಹೇಳುವುದಿಲ್ಲ. ತುದಿಗದ್ದೆಯವರ ಪಾಡು, ಅದರಲ್ಲೂ ಕೆಳಜಾತಿಯವರ ಪಾಡು, ಅವತ್ತೂ ಕಷ್ಟವೇ ಇತ್ತು. ಆದರೂ ತೂಬು ಎತ್ತಿದವನು ಯಾರು ಅಂತ ಬೆಳಗಾಗುವಷ್ಟರಲ್ಲಿ ಊರಿಗೆ ಗೊತ್ತಾಗುತ್ತಿತ್ತು. ಸೊಸೈಟಿ ಸರ್ವರಿನೊಳಗೆ ನಿನ್ನೆ ರಾತ್ರಿ ಯಾರು ಬಂದು ಹೋದರು ಅಂತ ನಿಮ್ಮ ಅಧ್ಯಕ್ಷರನ್ನು ಕೇಳಿ ನೋಡಿ.

"ಇಷ್ಟೆಲ್ಲ ಹೆದರಿಸಬೇಡಿ, ಏನೂ ಆಗಲ್ಲ" ಅನ್ನುವವರಿಗೆ ಸ್ವೀಡನ್ ದೇಶದ ಕಥೆ ಹೇಳಬೇಕು. ಅಲ್ಲಿ ಕೋಪ್ ಅಂತ ಒಂದು ಅಂಗಡಿ ಸರಣಿ ಇದೆ. ಹೆಸರೇ ಹೇಳುವ ಹಾಗೆ ಅದು ಸಹಕಾರಿ, ಸದಸ್ಯರೇ ಒಡೆಯರು. ನಮ್ಮ ಜನತಾ ಬಜಾರಿನ ದೊಡ್ಡಣ್ಣ ಅನ್ನಿ. 2021ರ ಜುಲೈ 2, ಶುಕ್ರವಾರ. ಆ ರಾತ್ರಿಯಿಂದ ಅಂಗಡಿಗಳ ಬಿಲ್ಲಿಂಗ್ ಯಂತ್ರಗಳು ನಿಂತವು. ಮರುದಿನ ಸುಮಾರು 800 ಅಂಗಡಿ ಬಾಗಿಲು ತೆರೆಯಲಿಲ್ಲ. ಕಪಾಟು ತುಂಬ ಸಾಮಾನಿದೆ, ಹೊರಗೆ ಗಿರಾಕಿ ಇದ್ದಾರೆ, ಬಿಲ್ಲು ಹಾಕಲಿಕ್ಕಾಗುವುದಿಲ್ಲ.

ಆದದ್ದೇನು? ಅಮೆರಿಕದ ಕಸೇಯಾ ಅನ್ನುವ ಕಂಪನಿಗೆ ವಿಎಸ್‌ಎ ಅಂತ ಒಂದು ತಂತ್ರಾಂಶ ಇತ್ತು. ದೂರದಿಂದ ಕಂಪ್ಯೂಟರ್ ನೋಡಿಕೊಳ್ಳುವ ತಂತ್ರಾಂಶ, ನಾವು ಹೇಳುತ್ತಿರುವ ಜಾತಿಯದೇ. ನೂರಾರು ಸಂಸ್ಥೆಗಳ ಯಂತ್ರಗಳಲ್ಲಿ ಅದರ ಏಜೆಂಟ್ ಕೂತಿತ್ತು. ರೆವಿಲ್ ಅನ್ನುವ ಸುಲಿಗೆಕೋರರ ಗುಂಪು ವಿಎಸ್‌ಎಯ ಒಂದು ದೋಷ ಹಿಡಿದು ಒಳಹೊಕ್ಕಿತು. ಆಮೇಲೆ ಅವರು ಒಂದೊಂದೇ ಮನೆಯ ಬೀಗ ಮುರಿಯಬೇಕಾಗಲಿಲ್ಲ. ಏಜೆಂಟುಗಳಿಗೆ ಆಜ್ಞೆ ಕೊಟ್ಟರು, ಏಜೆಂಟುಗಳು ವಿಧೇಯವಾಗಿ ಪಾಲಿಸಿದವು. ಅಪ್‌ಡೇಟ್ ವೇಷದಲ್ಲಿ ಬಂದ ವಿಷ ಎಲ್ಲ ಫೈಲುಗಳಿಗೆ ಬೀಗ ಜಡಿಯಿತು. ಏಜೆಂಟಿನ ಕೆಲಸಕ್ಕೆ ಅಡ್ಡಿಯಾಗದಿರಲಿ ಅಂತ ಅದರ ಫೋಲ್ಡರನ್ನು ಆಂಟಿವೈರಸ್ ನೋಡದ ಹಾಗೆ ಮಾಡಿಸಿದ್ದೂ ಕಳ್ಳರಿಗೆ ಅನುಕೂಲವಾಯಿತು. ಕಸೇಯಾದ ನೇರ ಗಿರಾಕಿಗಳಲ್ಲಿ ಪೆಟ್ಟು ತಿಂದವರು 60ಕ್ಕಿಂತ ಕಡಿಮೆ. ಅವರ ಕೆಳಗಿದ್ದ ಸಂಸ್ಥೆಗಳನ್ನು ಲೆಕ್ಕ ಹಿಡಿದರೆ 1,500ರ ತನಕ. ಕಳ್ಳರು ಕೇಳಿದ್ದು 7 ಕೋಟಿ ಡಾಲರ್.

ಇದರಲ್ಲಿ ನಮಗೆ ಮುಖ್ಯವಾದ ಪಾಠ ಬೇರೆಯೇ ಇದೆ. ಕೋಪ್ ಸಂಸ್ಥೆ ಕಸೇಯಾದ ಗಿರಾಕಿಯೇ ಅಲ್ಲ. ಬಿಲ್ಲಿಂಗ್ ಯಂತ್ರ ನೋಡಿಕೊಳ್ಳಲಿಕ್ಕೆ ಅವರು ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿದ್ದರು, ಆ ಗುತ್ತಿಗೆದಾರ ಕಸೇಯಾದ ಸಾಮಾನು ಬಳಸುತ್ತಿದ್ದ. ತನ್ನ ಬೀಗದ ಕೈ ಎಷ್ಟು ಕೈ ದಾಟಿ ಎಲ್ಲಿಗೆ ಹೋಗಿದೆ ಅನ್ನುವುದು ಸದಸ್ಯರಿಗೆ ಗೊತ್ತಾದದ್ದು ಅಂಗಡಿ ಮುಚ್ಚಿದ ಮೇಲೆ. ದೋಷ ಇದೆ ಅಂತ ನೆದರ್ಲೆಂಡ್ಸಿನ ಸ್ವಯಂಸೇವಕರ ಒಂದು ತಂಡ ಅದೇ ಏಪ್ರಿಲಿನಲ್ಲಿ ಕಂಪನಿಗೆ ತಿಳಿಸಿತ್ತು, ರಿಪೇರಿಯೂ ನಡೆಯುತ್ತಿತ್ತು. ಕಳ್ಳರು ಮೊದಲು ಮುಟ್ಟಿದರು, ಅಷ್ಟೇ.

ಸ್ವೀಡನ್ ದೂರವಾಯಿತಾ? 2024ರ ಜುಲೈ 31 ನೆನಪು ಮಾಡಿಕೊಳ್ಳಿ. ಸಿ-ಎಡ್ಜ್ ಟೆಕ್ನಾಲಜೀಸ್ ಅನ್ನುವ ಸಂಸ್ಥೆ ನಮ್ಮ ದೇಶದ ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ತಂತ್ರಾಂಶ ಸೇವೆ ಕೊಡುತ್ತದೆ. ಅಲ್ಲಿಗೆ ಸುಲಿಗೆ ವೈರಸ್ ಬಿತ್ತು. ಸೋಂಕು ಹರಡದಿರಲಿ ಅಂತ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗಿರಾಕಿಗಳಿಗೆ ಯುಪಿಐ, ಎಟಿಎಂ ಕೆಲಸ ಮಾಡಲಿಲ್ಲ. ಮರುದಿನ ಸರಿಹೋಯಿತು. ಅದು ಏಜೆಂಟಿನ ಕಥೆಯಲ್ಲ, ಬೇರೆ ದಾರಿಯಿಂದ ಬಂದ ಕಳ್ಳತನ. ಆದರೂ ಒಬ್ಬ ಗುತ್ತಿಗೆದಾರನ ಮನೆಗೆ ಬೆಂಕಿ ಬಿದ್ದರೆ ಎಷ್ಟು ಊರಿನ ಒಲೆ ಆರುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಆ 300ರಲ್ಲಿ ದೊಡ್ಡ ಬ್ಯಾಂಕು ಒಂದೂ ಇರಲಿಲ್ಲ. ಬೇಯುವುದು ಯಾವಾಗಲೂ ನಾವೇ.

ಕಳ್ಳರೇ ಬೇಕು ಅಂತಲೂ ಇಲ್ಲ. ಅದೇ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ರಕ್ಷಣಾ ತಂತ್ರಾಂಶಕ್ಕೆ ಒಂದು ತಪ್ಪು ಅಪ್‌ಡೇಟ್ ಕಳಿಸಿತು. ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರ ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪೆನ್ನು ಹಿಡಿದು ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಕಂಪನಿ ಒಂದೂವರೆ ಗಂಟೆಯೊಳಗೆ ಅಪ್‌ಡೇಟ್ ಹಿಂದೆಗೆದುಕೊಂಡಿತು. ಆದರೆ ಮಲಗಿದ ಯಂತ್ರವನ್ನು ದೂರದಿಂದ ಎಬ್ಬಿಸಲಾಗುವುದಿಲ್ಲವಲ್ಲ! ಎಷ್ಟೋ ಯಂತ್ರಗಳ ಮುಂದೆ ಮನುಷ್ಯನೇ ಹೋಗಿ ಕೂರಬೇಕಾಯಿತು. ದೂರದಿಂದ ಎಲ್ಲ ನೋಡಿಕೊಳ್ಳುತ್ತೇವೆ ಅಂತ ಊರಿನ ಹುಡುಗನನ್ನು ಬಿಡಿಸಿ ಕಳಿಸಿದ ಸೊಸೈಟಿಗಳು ಇದನ್ನು ಎರಡು ಸಲ ಓದಲಿ.

ಮೂರನೆಯದು ಇನ್ನೂ ನಾಜೂಕು. 2023ರ ಆಗಸ್ಟಿನಲ್ಲಿ ಮಿಟಿಗಾ ಅನ್ನುವ ಭದ್ರತಾ ಸಂಶೋಧಕರ ಸಂಸ್ಥೆ ಒಂದು ಸಂಗತಿ ತೋರಿಸಿಕೊಟ್ಟಿತು. ಯಂತ್ರದೊಳಗೆ ಹೇಗೋ ಪರಮಾಧಿಕಾರ ಪಡೆದ ಕಳ್ಳ, ತನ್ನದೇ ಕಳ್ಳ ತಂತ್ರಾಂಶ ತರಬೇಕಾಗಿಲ್ಲ. ಅಮೆಜಾನಿನ ಅಸಲಿ ಎಸ್‌ಎಸ್‌ಎಂ ಏಜೆಂಟನ್ನೇ ತನ್ನ ಖಾತೆಗೆ ನೋಂದಾಯಿಸಿಕೊಂಡರೆ ಸಾಕು. ಅಮೆಜಾನಿನ ಸಹಿ ಇರುವ ತಂತ್ರಾಂಶ, ಆಂಟಿವೈರಸ್ ಸಲಾಂ ಹೊಡೆದು ಒಳಗೆ ಬಿಡುತ್ತದೆ. ಪೋಲಿಸರ ಯೂನಿಫಾರ್ಮಿನಲ್ಲಿ ಬಂದ ಕಳ್ಳನ ಹಾಗೆ. ಅದಕ್ಕೇ ನಾವು ಹೇಳುವುದು, ಏಜೆಂಟ್ ಇದೆಯೇ ಅಂತ ಕೇಳಿದರೆ ಅರ್ಧ ಪ್ರಶ್ನೆ. ಯಾರ ಖಾತೆಗೆ ಕಟ್ಟಿದೆ ಅಂತ ಕೇಳಿದರೆ ಪೂರ್ತಿ ಪ್ರಶ್ನೆ.

ಈಗ ಎದುರು ವಾದ. ನಾವು ಮಾತಾಡಿಸಿದ ಒಬ್ಬ ಕಾರ್ಯದರ್ಶಿ ನೇರವಾಗಿ ಕೇಳಿದರು: "ನೀವು ಬರೆಯೋರು ಬರೀತೀರಿ. ತಿಂಗಳ ಕೊನೇ ದಿನ ಬಡ್ಡಿ ಹಾಕೋವಾಗ ಸಿಸ್ಟಮ್ ನಿಂತ್ರೆ ಈ ಊರಿಗೆ ಎಂಜಿನಿಯರ್ ಯಾರು ಬರ್ತಾರೆ?" ಯಾರೂ ಬರುವುದಿಲ್ಲ. ಅವರ ಮಾತು ನಿಜ. ಏಜೆಂಟೇ ಬೇಡ ಅಂತ ನಾವು ಹೇಳಿದರೆ ಅದು ಪೇಟೆಯಲ್ಲಿ ಕೂತು ಹಳ್ಳಿಗೆ ಬುದ್ಧಿ ಹೇಳಿದ ಹಾಗೆ.

ಅಷ್ಟೇ ಅಲ್ಲ, ಏಜೆಂಟ್ ಇಲ್ಲದ ಕಡೆ ಪರಿಸ್ಥಿತಿ ಇನ್ನೂ ಕೆಟ್ಟದಾಗಿದೆ. ಎನಿಡೆಸ್ಕ್ ಹಾಕಿ, ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸಿದ್ದನ್ನು ನಾವು ಕಂಡಿದ್ದೇವೆ. ರಿಮೋಟ್ ಡೆಸ್ಕ್‌ಟಾಪಿನ 3389 ನಂಬರಿನ ಬಾಗಿಲನ್ನು ಇಂಟರ್ನೆಟ್ಟಿಗೆ ಹಾರುಹೊಡೆದು ಇಟ್ಟವರಿದ್ದಾರೆ. ಅದು ರಥಬೀದಿಯಲ್ಲಿ ತಿಜೋರಿ ಇಟ್ಟ ಹಾಗೆ. ದೂರದಿಂದ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿ ಖಾತೆ ಗುಡಿಸುವ ವಂಚನೆ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಎನಿಡೆಸ್ಕ್ ಹೆಸರೆತ್ತಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಇನ್ನು ಅಪ್‌ಡೇಟ್ ಮಾಡದೇ ಕೂತರೆ ಏನಾಗುತ್ತದೆ ಅನ್ನುವುದನ್ನು 2017ರ ವಾನ್ನಾಕ್ರೈ ತೋರಿಸಿತು. ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ರಿಪೇರಿ ಬಿಟ್ಟಿತ್ತು. ಮೇ 12ಕ್ಕೆ ವೈರಸ್ ಬಂತು. ನಡುವಿನ ಎರಡು ತಿಂಗಳಲ್ಲಿ ರಿಪೇರಿ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಒಳ್ಳೆಯ ಏಜೆಂಟ್ ಇದ್ದರೆ ಒಂದು ರಾತ್ರಿಯಲ್ಲಿ ಎಲ್ಲ ಶಾಖೆಗೂ ರಿಪೇರಿ ಹಾಕಬಹುದು, ಯಾರು ಯಾವಾಗ ಏನು ಮಾಡಿದರು ಅಂತ ದಾಖಲೆಯೂ ಉಳಿಯುತ್ತದೆ.

ಹಾಗಾದರೆ ಏಜೆಂಟ್ ಇರಲಿ. ಸೊಸೈಟಿಯ ಏಜೆಂಟ್ ಆಗಿ ಇರಲಿ.

ಇದು ಆಗದ ಹೋಗದ ಮಾತಲ್ಲ. ಕ್ಲೌಡ್ ಖಾತೆಯನ್ನು ಸಂಘದ ಹೆಸರಿನಲ್ಲಿ ತೆರೆಯಬಹುದು. ಗುತ್ತಿಗೆದಾರನ ಮನುಷ್ಯರಿಗೆ ಆ ಖಾತೆಯೊಳಗೆ ಬೇಕಾದಷ್ಟೇ ಅಧಿಕಾರ ಕೊಟ್ಟು, ಕೆಲಸ ಮುಗಿದ ದಿನ ಹಿಂದೆ ಪಡೆಯಬಹುದು. ಖರ್ಚಿನ ನೆಪ ಹೇಳುತ್ತಾರೆ, ಅದೂ ನಿಲ್ಲುವುದಿಲ್ಲ. ಅಮೆಜಾನಿನಲ್ಲಿ ಒಂದು ಖಾತೆಗೆ ಒಂದು ಪ್ರದೇಶದಲ್ಲಿ 1,000 ಹೊರಗಿನ ಯಂತ್ರಗಳ ತನಕ ಸಾಮಾನ್ಯ ನೋಂದಣಿಗೆ ಹಣವಿಲ್ಲ. ದೂರದಿಂದ ನೇರವಾಗಿ ಒಳಹೊಕ್ಕು ಕೂತು ಕೆಲಸ ಮಾಡುವ ಸೌಲಭ್ಯ ಬೇಕಾದರೆ ಗಂಟೆ ಲೆಕ್ಕದಲ್ಲಿ ಚಿಲ್ಲರೆ ಬಾಡಿಗೆ ಇದೆ. ಹಣ ಕೊಟ್ಟರೆ ಮಾತ್ರ ಸಿಗುವ ಆ ಸೌಲಭ್ಯವೇ ಹೆಚ್ಚು ಅಪಾಯದ್ದು, ಗಮನಿಸಿ.

ಅಜೂರ್ ಆರ್ಕಿನಲ್ಲಂತೂ ಯಂತ್ರದ ಒಡೆಯನ ಕೈಗೇ ಒಂದು ಅಗುಳಿ ಕೊಟ್ಟಿದ್ದಾರೆ. ಮಾನಿಟರ್ ಮೋಡ್ ಅಂತ. ಅದನ್ನು ಹಾಕಿದರೆ ಏಜೆಂಟ್ ನಿಗಾ ಮತ್ತು ಭದ್ರತೆಗೆ ಸಂಬಂಧಪಟ್ಟ ಕೆಲಸಕ್ಕಷ್ಟೇ ಸೀಮಿತ, ಮನಬಂದ ಆಜ್ಞೆ ಓಡಿಸಲಿಕ್ಕಾಗುವುದಿಲ್ಲ. ಆ ಅಗುಳಿ ಹಾಕುವುದೂ ತೆಗೆಯುವುದೂ ಯಂತ್ರದ ಮುಂದೆಯೇ, ದೂರದಿಂದ ಬದಲಿಸಲಿಕ್ಕಾಗುವುದಿಲ್ಲ. ಕೈಪಿಡಿಯಲ್ಲಿ ಬರೆದಿಟ್ಟ ಸಂಗತಿ ಇದು. ನಿಮ್ಮ ಗುತ್ತಿಗೆದಾರ ಇದರ ಬಗ್ಗೆ ಒಂದು ಸಲವಾದರೂ ಹೇಳಿದ್ದಾನೆಯೇ? ಹೇಳುವುದಿಲ್ಲ. ಅಗುಳಿ ಹಾಕಿದರೆ ಅವನು ಪ್ರತಿ ಸಲ ನಿಮಗೆ ಫೋನ್ ಮಾಡಿ "ಸ್ವಲ್ಪ ತೆಗೀತೀರಾ" ಅಂತ ಕೇಳಬೇಕಾಗುತ್ತದೆ. ಕೇಳಲಿ. ನಮ್ಮ ಮನೆಯ ಬಾಗಿಲು, ಕೇಳಿಯೇ ಬರಲಿ.

ದಾಖಲೆಯ ವಿಚಾರವೂ ಹೀಗೇ. ಯಾರು ಬಂದರು, ಯಾವ ಆಜ್ಞೆ ಕೊಟ್ಟರು ಅನ್ನುವುದೆಲ್ಲ ಬರೆದಿಡಬಹುದು. ಆದರೆ ಆ ಪುಸ್ತಕ ಇರುವುದು ಖಾತೆಯ ಒಡೆಯನ ಹತ್ತಿರ. ಖಾತೆ ಗುತ್ತಿಗೆದಾರನದ್ದಾದರೆ, ಅವನ ಬಂದುಹೋಗುವಿಕೆಯ ಲೆಕ್ಕವನ್ನು ಅವನೇ ಇಟ್ಟುಕೊಂಡಂತೆ. ದಿನಸಿ ಅಂಗಡಿಯ ಸಾಲದ ಪುಸ್ತಕ ಸಾಲಗಾರನ ಮನೆಯಲ್ಲೇ ಇದ್ದ ಹಾಗೆ!

ಕೊನೆಗೆ ಪೆಟ್ಟು ಬಿದ್ದರೆ ಯಾರ ಬೆನ್ನಿಗೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಜನರ ಮಾಹಿತಿ ಯಾರಿಗಾಗಿ, ಯಾರ ಉದ್ದೇಶಕ್ಕೆ ಸಂಗ್ರಹವಾಗಿದೆಯೋ ಆ ಸಂಸ್ಥೆಯೇ ಹೊಣೆ. ಕೆಲಸವನ್ನು ಬೇರೆಯವರಿಗೆ ವಹಿಸಿದ್ದರೂ, ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ ಹೊಣೆ ತಪ್ಪದು. ಭದ್ರತೆಯಲ್ಲಿ ಬೇಜವಾಬ್ದಾರಿ ತೋರಿದರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಅಷ್ಟು ದಂಡವನ್ನು ಪತ್ತಿನ ಸಂಘಕ್ಕೆ ಯಾರೂ ಹಾಕಲಿಕ್ಕಿಲ್ಲ, ಕಾಯ್ದೆಯೂ ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಆದರೆ ಬೆರಳು ತೋರುವುದು ಯಾರ ಕಡೆಗೆ ಅನ್ನುವುದು ತೀರ್ಮಾನವಾಗಿದೆ. ಅದಕ್ಕೂ ಮೊದಲೇ, 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶ ಬಂದಿದೆ. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ದಾಖಲೆ ಇಟ್ಟಿರಬೇಕು. ಬೀಗದ ಕೈಯೂ ನಿಮ್ಮದಲ್ಲ, ಪುಸ್ತಕವೂ ನಿಮ್ಮಲ್ಲಿಲ್ಲ, ಹೊಣೆ ಮಾತ್ರ ನಿಮ್ಮದು. ಇಂಥ ಗೇಣಿಯನ್ನು ಯಾವ ರೈತನೂ ಒಪ್ಪುವುದಿಲ್ಲ.

"ಹಳ್ಳಿಯವರಿಗೆ ಇದೆಲ್ಲ ತಲೆಗೆ ಹೋಗಲ್ಲ ಬಿಡಿ" ಅಂತ ಒಬ್ಬ ಸಾಫ್ಟ್‌ವೇರ್ ಮಾರಾಟಗಾರ ನಮ್ಮೆದುರೇ ಅಂದ. ಅವನ ಹೆಸರು ಹಾಕುವುದಿಲ್ಲ, ಅವನೊಬ್ಬನದೇ ಮಾತಲ್ಲ ಅದು. ಅವನಿಗೆ ಗದಗ ಸೀಮೆಯ ಕಣಗಿನಹಾಳದ ವಿಚಾರ ಯಾರಾದರೂ ಹೇಳಬೇಕು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಪತ್ತಿನ ಸಹಕಾರ ಸಂಘ ಕಟ್ಟಿದಾಗಲೂ ಬಡ್ಡಿ ಲೆಕ್ಕ ಒಕ್ಕಲಿಗರ ತಲೆಗೆ ಹೋಗುವುದಿಲ್ಲ ಅನ್ನುವ ಸಾಹುಕಾರರಿಗೆ ಕೊರತೆ ಇದ್ದಿರಲಿಕ್ಕಿಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಂಘ ಆ ಹಳ್ಳಿಯದು. ಫ್ಯಾಟು, ಎಸ್‌ಎನ್‌ಎಫ್ ನೋಡಿ ಹಾಲಿನ ದರ ಬಾಯಲ್ಲೇ ಹೇಳುವ ಹೆಂಗಸರು ನಮ್ಮ ಡೇರಿಗಳಲ್ಲಿದ್ದಾರೆ. ಸರ್ವರ್ ಯಾರ ಖಾತೆಗೆ ಕಟ್ಟಿದೆ ಅನ್ನುವುದು ಅದಕ್ಕಿಂತ ಕಷ್ಟದ ವಿಷಯವಲ್ಲ.

ವಾರ್ಷಿಕ ಮಹಾಸಭೆಯಲ್ಲಿ ವರದಿ ಓದಿ, ಚಪ್ಪಾಳೆ ತಟ್ಟಿಸಿ, ಸಿಹಿ ಹಂಚಿ ಮುಗಿಸುವ ಮೊದಲು ಒಬ್ಬ ಸದಸ್ಯ ಎದ್ದು ನಿಂತು ಕೇಳಿದರೆ ಸಾಕು. ನಮ್ಮ ಸರ್ವರಿನಲ್ಲಿ ಹೊರಗಿನಿಂದ ನಡೆಸುವ ಏಜೆಂಟ್ ಇದೆಯಾ? ಯಾರ ಖಾತೆಗೆ ನೋಂದಣಿ? ಅದಕ್ಕೆ ಮಂಡಳಿಯ ಠರಾವು ಯಾವ ತಾರೀಖಿನದು? ಕಳೆದ ಆರು ತಿಂಗಳಲ್ಲಿ ಯಾರು ಯಾರು ಒಳಗೆ ಬಂದರು, ಆ ಪಟ್ಟಿ ನಮ್ಮ ಹತ್ತಿರ ಇದೆಯಾ? ಗುತ್ತಿಗೆ ಮುಗಿದ ಹಳೇ ಕಂಪನಿಯ ಏಜೆಂಟ್ ತೆಗೆದಾಯಿತಾ? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಸಾಫ್ಟ್‌ವೇರ್ ಬದಲಾಯಿಸಿದರೂ ಹಳಬರ ಏಜೆಂಟ್ ಹಾಗೇ ಉಸಿರಾಡುತ್ತಿರುವುದು ಸಾಮಾನ್ಯ. ಬಾಡಿಗೆಯವರು ಮನೆ ಬಿಟ್ಟಾಗ ಬೀಗ ಬದಲಿಸುವ ಜನ ನಾವು. ಇಲ್ಲಿ ಮರೆಯುತ್ತೇವೆ.

ಮಂಡಳಿಯಲ್ಲಿರುವವರಿಗೆ ಇನ್ನೊಂದು ಸಣ್ಣ ಕೆಲಸ. ವಿಂಡೋಸ್ ಸರ್ವರ್ ಆಗಿದ್ದರೆ ಸರ್ವೀಸಸ್ ಅನ್ನುವ ಪಟ್ಟಿ ತೆರೆಸಿ, ಹೆಸರುಗಳನ್ನು ಓದಿಸಿ. 'ಅಮೆಜಾನ್ ಎಸ್‌ಎಸ್‌ಎಂ ಏಜೆಂಟ್', 'ಅಜೂರ್ ಹೈಬ್ರಿಡ್ ಇನ್‌ಸ್ಟನ್ಸ್ ಮೆಟಾಡೇಟಾ ಸರ್ವೀಸ್', 'ಎನಿಡೆಸ್ಕ್', 'ಟೀಮ್‌ವ್ಯೂವರ್', 'ಸ್ಕ್ರೀನ್‌ಕನೆಕ್ಟ್' ಇವುಗಳಲ್ಲಿ ಯಾವುದಾದರೂ ಕಂಡರೆ ಬರೆದುಕೊಳ್ಳಿ. ಗಾಬರಿಯಲ್ಲಿ ಅಳಿಸಬೇಡಿ. ಬಡ್ಡಿ ಹಾಕುವ ದಿನವೇ ಅದು ಬೇಕಾಗಿರಬಹುದು. ಫೋಟೊ ತೆಗೆದು, ಗುತ್ತಿಗೆದಾರನಿಗೆ ಪತ್ರ ಬರೆದು, ಯಾವ ಖಾತೆ, ಯಾವ ಅಧಿಕಾರ ಅಂತ ಲಿಖಿತ ಉತ್ತರ ಕೇಳಿ. ವಾಟ್ಸ್‌ಆ್ಯಪಿನಲ್ಲಿ ಹೆಬ್ಬೆರಳು ಎತ್ತಿ ಕಳಿಸಿದರೆ ಅದು ಉತ್ತರವಲ್ಲ, ಲೆಟರ್‌ಹೆಡ್ಡಿನಲ್ಲಿ ಬರಲಿ.

ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ. ಬಾರದಿದ್ದರೆ ಎಷ್ಟು ದಿನವಾಯಿತು ಅಂತ ಬರೆದು ಕಳಿಸಿ. ಊರಿನ ಹೆಸರು, ಸಂಘದ ಹೆಸರು ಹಾಕುವುದಿಲ್ಲ. ದಿನಗಳ ಲೆಕ್ಕ ಮಾತ್ರ ಇಲ್ಲಿ ಹಾಕುತ್ತೇವೆ.